ಸಂಬಳವಿಲ್ಲದವರ ನೋವಿಗೆ ಎಳೆದ ಗೆರೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ಅಮ್ಮಂದಿರು ನಮ್ಮಲ್ಲಿ ಎಷ್ಟೋ ಜನ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಒಬ್ಬರು ವೈದ್ಯರ ತಪ್ಪಿನಿಂದ ಕಾಲು ಕಳೆದುಕೊಂಡರು ಅಂದುಕೊಳ್ಳಿ. ಆಸ್ಪತ್ರೆ ಬಿಲ್ಲು, ಮುಂದಿನ ಆರೈಕೆಯ ಖರ್ಚು ಎಲ್ಲವನ್ನೂ ಕೇಳಬಹುದು. ಆದರೆ ಕಳೆದುಕೊಂಡ ಸಂಬಳ ಅಂತ ಕೇಳಲು ಅವರಿಗೆ ಸಂಬಳವೇ ಇರಲಿಲ್ಲ. ಉಳಿಯುವುದು ನೋವಿನ ಪರಿಹಾರ. ಅದಕ್ಕೆ ಅಲ್ಲಿನ ಕಾನೂನು 1975ರಲ್ಲೇ ಒಂದು ಮಿತಿ ಹಾಕಿದೆ.

ಆಗಿನ ಪರಿಸ್ಥಿತಿ ನಿಜಕ್ಕೂ ಬಿಗಡಾಯಿಸಿತ್ತು. ವೈದ್ಯರ ಮೇಲೆ ಮೊಕದ್ದಮೆಗಳು ಹೆಚ್ಚಿದ್ದವು. ವಿಮಾ ಕಂಪನಿಗಳು ಪ್ರೀಮಿಯಂ ಅನ್ನು ಒಂದೇ ಸಲಕ್ಕೆ ವಿಪರೀತ ಏರಿಸಿದವು, ಕೆಲವು ವಿಮೆ ಕೊಡುವುದನ್ನೇ ಬಿಟ್ಟವು. 1975ರ ಮೇ ತಿಂಗಳಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಅರಿವಳಿಕೆ ವೈದ್ಯರು ಕೆಲಸ ನಿಲ್ಲಿಸಿದರು. ಅವರಿಲ್ಲದೆ ಆಪರೇಷನ್ ಹೇಗೆ ನಡೆದೀತು? ಗವರ್ನರ್ ಜೆರ್ರಿ ಬ್ರೌನ್ ವಿಶೇಷ ಅಧಿವೇಶನ ಕರೆದರು. ಸೆಪ್ಟೆಂಬರ್‌ನಲ್ಲಿ, ವೈದ್ಯರ ತಪ್ಪಿಗೆ ಸಿಗುವ ಪರಿಹಾರದ ನಿಯಮಗಳನ್ನು ಬದಲಿಸಿದ ‘ಮೈಕ್ರಾ’ ಕಾನೂನಿಗೆ ಸಹಿ ಹಾಕಿದರು. ನೋವು, ಸಂಕಟ, ಅಂಗಹೀನತೆಗೆ ಸಿಗುವ ಪರಿಹಾರ 2,50,000 ಡಾಲರ್ ದಾಟುವಂತಿಲ್ಲ ಎಂದಾಯಿತು. ವಕೀಲರ ಫೀಸಿಗೂ ಮಿತಿ ಬಂತು.

ಅದೇ ವರ್ಷ ಇಂಡಿಯಾನಾ ಬೇರೆ ದಾರಿ ಹಿಡಿಯಿತು. ಅಲ್ಲಿನ ಗವರ್ನರ್ ಓಟಿಸ್ ಬೋವೆನ್ ಸ್ವತಃ ವೈದ್ಯರು. ವೈದ್ಯರ ವಿಮೆ ಮೊದಲ 1,00,000 ಡಾಲರ್ ಕೊಡಬೇಕು, ಅದಕ್ಕಿಂತ ಜಾಸ್ತಿಯಾದದ್ದನ್ನು ಸರ್ಕಾರ ನಡೆಸುವ ರೋಗಿಗಳ ಪರಿಹಾರ ನಿಧಿ ತುಂಬಬೇಕು. ಆ ನಿಧಿಗೆ ದುಡ್ಡು ಕೊಡುವವರು ವೈದ್ಯರು, ಆಸ್ಪತ್ರೆಗಳೇ. ಪ್ರೀಮಿಯಂ ಜೊತೆಗೆ ಒಂದಿಷ್ಟು ಹೆಚ್ಚುವರಿ ಕಟ್ಟುತ್ತಾರೆ. ಇದು ಒಳ್ಳೆಯ ಏರ್ಪಾಡು ಅಂತಲೇ ನನಗೆ ಅನಿಸುತ್ತದೆ. ಒಬ್ಬ ವೈದ್ಯರು ದಿವಾಳಿಯಾಗುವುದಿಲ್ಲ, ರೋಗಿಯೂ ಬರಿಗೈಯಲ್ಲಿ ಹೋಗುವುದಿಲ್ಲ. ಆದರೆ ಅಲ್ಲಿ ಮಿತಿ ಬಿದ್ದದ್ದು ನೋವಿಗಷ್ಟೇ ಅಲ್ಲ. ಆಸ್ಪತ್ರೆ ಖರ್ಚೂ ಸೇರಿ ಒಟ್ಟು 5,00,000 ಡಾಲರ್. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾದ ಮಗುವಿನ ಜೀವಮಾನದ ಆರೈಕೆಯೂ ಅಷ್ಟರಲ್ಲೇ ಮುಗಿಯಬೇಕು! ಆ ಒಟ್ಟು ಮಿತಿ ಹಂತಹಂತವಾಗಿ ಏರಿ 2019ರಲ್ಲಿ 18 ಲಕ್ಷ ಡಾಲರ್ ತಲುಪಿತು.

ಕ್ಯಾಲಿಫೋರ್ನಿಯಾದ ಮಿತಿ ಮಾತ್ರ ಕದಲಲೇ ಇಲ್ಲ. ಎದೆನೋವೆಂದು ಬಂದ 34 ವರ್ಷದ ವಕೀಲರೊಬ್ಬರಿಗೆ ಸ್ನಾಯು ಸೆಳೆತ ಎಂದು ಹೇಳಿ ಕಳಿಸಿದ್ದರು. ಅದು ಹೃದಯಾಘಾತವಾಗಿತ್ತು. ಜ್ಯೂರಿ, ಅಂದರೆ ತೀರ್ಪು ಕೊಡಲು ಕೂತ ಸಾಮಾನ್ಯ ನಾಗರಿಕರ ತಂಡ, ನೋವಿಗೆ 5,00,000 ಡಾಲರ್ ಕೊಟ್ಟಿತು, ಕೋರ್ಟು ಅದನ್ನು ಅರ್ಧಕ್ಕೆ ಇಳಿಸಿತು. 1985ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4–3 ಮತಗಳಿಂದ ಈ ಮಿತಿ ಸರಿ ಎಂದಿತು. ಇಂಥದ್ದೇ ಮಿತಿಗಳನ್ನು 2010ರಲ್ಲಿ ಇಲಿನಾಯ್ ಮತ್ತು ಜಾರ್ಜಿಯಾದ ಕೋರ್ಟುಗಳು ರದ್ದು ಮಾಡಿದವು. ಟೆಕ್ಸಾಸ್ ಹಾಗಾಗದಂತೆ 2003ರಲ್ಲೇ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದಿತ್ತು.

ಮಿತಿಯ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ದೊಡ್ಡ ಸಂಬಳದ ಎಂಜಿನಿಯರ್‌ಗೆ ಕಳೆದುಹೋದ ಸಂಪಾದನೆ ಪೂರ್ತಿ ಸಿಗುತ್ತದೆ, ಅದಕ್ಕೆ ಮಿತಿಯಿಲ್ಲ. ಮಗು, ಗೃಹಿಣಿ, ನಿವೃತ್ತರಿಗೆ ದೊಡ್ಡ ಪಾಲು ಇರುವುದೇ ನೋವಿನ ಪರಿಹಾರದಲ್ಲಿ. ಇನ್ನೊಂದು ತೊಡಕೂ ಇದೆ. ಅಲ್ಲಿ ವಕೀಲರಿಗೆ ಗೆದ್ದರೆ ಮಾತ್ರ ಫೀಸು. ಪರಿಣತ ವೈದ್ಯರಿಂದ ಸಾಕ್ಷಿ ಹೇಳಿಸುವ ಖರ್ಚನ್ನು ಮೊದಲು ಅವರೇ ಹಾಕಬೇಕು. ಗೆದ್ದರೂ ಕೈಗೆ ಬರುವುದು ಕಡಿಮೆ ಎಂದಾದರೆ ಕೇಸೇ ಬೇಡ ಅನ್ನುತ್ತಾರೆ. ಹೀಗೆ ಎಷ್ಟೋ ಮನೆಗಳ ದೂರು ಕೋರ್ಟಿನ ಬಾಗಿಲಿಗೂ ಬರುವುದಿಲ್ಲ. ನನಗೆ ಹೆಚ್ಚು ನೋವಾಗುವುದು ಇದನ್ನು ನೆನೆದಾಗ.

ವೈದ್ಯರ ವಾದವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಪ್ರೀಮಿಯಂ ಏರಿದರೆ ಹೆರಿಗೆ ವೈದ್ಯರು ಹಳ್ಳಿ ಕಡೆ ನಿಲ್ಲುವುದು ಕಷ್ಟ. ಆದರೆ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನಮತದಿಂದ ಬಂದ 103ನೇ ಪ್ರಸ್ತಾಪವು ವಿಮಾ ದರಗಳಿಗೂ ಲಗಾಮು ಹಾಕಿತು. ಪ್ರೀಮಿಯಂ ಹಿಡಿತಕ್ಕೆ ಬಂದದ್ದು ಮೈಕ್ರಾದಿಂದಲೋ ಇದರಿಂದಲೋ ಎಂಬ ಜಗಳ ಇನ್ನೂ ಇದೆ.

2014ರಲ್ಲಿ ಮಿತಿಯನ್ನು ಸುಮಾರು 11 ಲಕ್ಷ ಡಾಲರಿಗೆ ಏರಿಸುವ 46ನೇ ಪ್ರಸ್ತಾಪ ಮತದಾರರ ಮುಂದೆ ಬಂತು. ವೈದ್ಯರಿಗೆ ಮಾದಕವಸ್ತು ಪರೀಕ್ಷೆ ಮಾಡಬೇಕೆಂಬ ಷರತ್ತನ್ನೂ ಅದಕ್ಕೆ ಸೇರಿಸಿದ್ದರು. ಜನ ದೊಡ್ಡ ಅಂತರದಲ್ಲಿ ಬೇಡ ಎಂದರು.

ಕೊನೆಗೆ 2022ರಲ್ಲಿ ಇನ್ನೊಂದು ಜನಮತ ಎದುರಿಗೆ ನಿಂತಾಗ ವೈದ್ಯರ ಕಡೆಯವರೂ ರೋಗಿಗಳ ವಕೀಲರ ಕಡೆಯವರೂ ರಾಜಿಗೆ ಬಂದರು. ಗವರ್ನರ್ ಗ್ಯಾವಿನ್ ನ್ಯೂಸಮ್ ಮೇ ತಿಂಗಳಲ್ಲಿ ಸಹಿ ಹಾಕಿದರು. ಬದುಕುಳಿದವರಿಗೆ 3,50,000 ಡಾಲರ್, ಸಾವಾದರೆ 5,00,000. ಹತ್ತು ವರ್ಷ ಏರುತ್ತ ಹೋಗಿ 7,50,000 ಮತ್ತು 10 ಲಕ್ಷ ಆಗುತ್ತದೆ. ಆಮೇಲೆ ವರ್ಷಕ್ಕೆ ಶೇ 2ರಷ್ಟು ಏರಿಕೆ. 1975ರ ಎರಡೂವರೆ ಲಕ್ಷ ಡಾಲರ್, ಬೆಲೆಯೇರಿಕೆಯ ಲೆಕ್ಕದಲ್ಲಿ 2022ರ ಹೊತ್ತಿಗೇ 13 ಲಕ್ಷ ದಾಟಿತ್ತು. ಹೊಸ ಮಿತಿ 2023ರ ಜನವರಿ 1ರಿಂದ ಹೂಡಿದ ಕೇಸುಗಳಿಗೆ ಮಾತ್ರ. ಹಿಂದಿನ ದಿನ ಕೇಸು ಹಾಕಿದವರಿಗೆ ಹಳೆಯ ಎರಡೂವರೆ ಲಕ್ಷವೇ.