ಕೈಚೆಲ್ಲುವುದನ್ನು ಯಾರೂ ಕಲಿಸಬೇಕಿಲ್ಲ

1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗವನ್ನು ಇಂದು ಓದಿದರೆ ಕರುಳು ಚುರುಕ್ಕೆನ್ನುತ್ತದೆ. ಎರಡು ಗುಂಪಿನ ನಾಯಿಗಳಿಗೂ ಒಂದೇ ಪ್ರಮಾಣದ ವಿದ್ಯುತ್ ಆಘಾತ. ಮೊದಲ ಗುಂಪಿನವು ತಲೆಯ ಪಕ್ಕದ ಹಲಗೆಯನ್ನು ಒತ್ತಿ ಅದನ್ನು ನಿಲ್ಲಿಸಬಹುದಿತ್ತು. ಎರಡನೆಯ ಗುಂಪಿನವು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮರುದಿನ ಎಲ್ಲವನ್ನೂ ತಗ್ಗಾದ ಅಡ್ಡಗೋಡೆಯಿದ್ದ ಪೆಟ್ಟಿಗೆಯೊಳಗೆ ಬಿಟ್ಟರು. ಗೋಡೆ ಹಾರಿದರೆ ಸಾಕು, ಆಘಾತದಿಂದ ಪಾರು. ಮೊದಲ ಗುಂಪಿನವು ಹಾರಿದವು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಹಾರಲು ಯತ್ನಿಸದೆ ಸುಮ್ಮನೆ ನೋವು ತಿಂದವು. ನಾಯಿಗಳು ಅಸಹಾಯಕತೆಯನ್ನು ಕಲಿತುಕೊಂಡಿವೆ ಎಂದು ಆಗ ವಿವರಿಸಲಾಯಿತು.

ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆಯನ್ನು ತಾವೇ ತಿರುವುಮುರುವು ಮಾಡಿದರು. ನೋವು ಬಹುಕಾಲ ಮುಂದುವರಿದರೆ ಮಿದುಳು ಕಾಂಡದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಡುವ ನರಕೋಶಗಳು ತೀವ್ರವಾಗಿ ಕೆರಳಿ, ಪ್ರಯತ್ನವನ್ನು ತಡೆಹಿಡಿಯುತ್ತವೆ. ಕೈಚೆಲ್ಲುವುದು ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ಕಲಿಯಬೇಕಾದದ್ದು ‘ನಾನು ಏನಾದರೂ ಮಾಡಿದರೆ ಇದು ಬದಲಾಗುತ್ತದೆ’ ಎಂಬುದನ್ನು. ಹಣೆಯ ಹಿಂದಿನ ಮಿದುಳಿನ ಒಂದು ಭಾಗ ಆ ಹಿಡಿತವನ್ನು ಗುರುತಿಸಿ ಕಾಂಡದ ಕೋಶಗಳನ್ನು ಶಾಂತಗೊಳಿಸುತ್ತದೆ. ಇಲಿಗಳಲ್ಲಿ ಈ ಭಾಗವನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದಾಗ, ಆಘಾತವನ್ನು ತಾವೇ ನಿಲ್ಲಿಸಬಲ್ಲ ಇಲಿಗಳೂ ಆಮೇಲೆ ಅಸಹಾಯಕವಾದವು.

ಮನುಷ್ಯರ ಬದುಕು ಇಲಿಯ ಪೆಟ್ಟಿಗೆಗಿಂತ ಬಹಳ ಜಟಿಲ, ನಿಜ. ಆದರೂ ಕೆಟ್ಟ ಕಾಲದಲ್ಲಿ ನಿರಾಶರಾಗಿ ತಮ್ಮನ್ನೇ ಹಳಿದುಕೊಳ್ಳುವವರಿಗೆ ಈ ತಿದ್ದುಪಡಿಗಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಕುಸಿದ ಮನಸ್ಸು ಕೆಟ್ಟುಹೋದ ಮನಸ್ಸಲ್ಲ. ‘ಎಲ್ಲ ಒಳ್ಳೆಯದಾಗುತ್ತದೆ’ ಎಂಬ ಜಪಕ್ಕಿಂತ, ಸಂಜೆಯೊಳಗೆ ಫಲ ಕಾಣುವ ಒಂದು ಕೆಲಸ ಅದಕ್ಕೆ ಹೆಚ್ಚು ಹಿಡಿಸುತ್ತದೆ: ಗಿಡವೊಂದನ್ನು ನೆಡುವುದು, ನೆರವು ಬೇಕಾದ ಒಬ್ಬರ ಅರ್ಜಿ ತುಂಬಿಕೊಡುವುದು. ಬೆಳಗಿನಿಂದ ರಾತ್ರಿಯವರೆಗೆ ಮೊಬೈಲಿನಲ್ಲಿ ದುರಂತದ ಸುದ್ದಿಗಳನ್ನು ನೋಡುತ್ತ ಕೂರುವುದಾದರೂ ಏನು? ಎರಡನೆಯ ಗುಂಪಿನ ಪಾಡೇ ಅಲ್ಲವೇ? ನೋವು ಬರುತ್ತಲೇ ಇರುತ್ತದೆ, ಒತ್ತಲು ಹಲಗೆಯಿಲ್ಲ. ಸುದ್ದಿಗೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿಕೊಳ್ಳುವುದು ಲೋಕಕ್ಕೆ ಬೆನ್ನು ತಿರುಗಿಸಿದಂತಲ್ಲ.

ದುಡಿಮೆಯಲ್ಲಿ ಸೋತು ಸುಣ್ಣವಾಗುವ ‘ಬರ್ನೌಟ್’ ವಿಷಯದಲ್ಲಿ ಮಾತ್ರ ಇಂಥ ಸಲಹೆಯನ್ನು ಎಚ್ಚರಿಕೆಯಿಂದ ಕೊಡಬೇಕು. 1974ರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದನ್ನು ವಿವರಿಸಿದ್ದು ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರನ್ನು ಕಂಡು. ಸೇವೆಗೆ ತಮ್ಮನ್ನು ಪೂರ್ತಿ ತೆತ್ತುಕೊಂಡವರೇ ಬೇಗ ಬರಿದಾಗುತ್ತಿದ್ದರು. ಬಳಲಿಕೆ, ಕೆಲಸದ ಬಗ್ಗೆ ತಿರಸ್ಕಾರ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ ಇದರ ಮೂರು ಮುಖಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ದುಡಿಮೆಗೆ ಸಂಬಂಧಿಸಿದ ವಿದ್ಯಮಾನ ಎಂದು ಕರೆಯಿತು. ಹಾಗಾಗಿ ಇಬ್ಬರ ಕೆಲಸವನ್ನು ಒಬ್ಬರ ಹೆಗಲಿಗೆ ಹೊರಿಸಿ ಧ್ಯಾನದ ತರಗತಿಗೆ ಕಳುಹಿಸುವುದು ಅನ್ಯಾಯ. ಯಾವ ಕೆಲಸ ಮೊದಲು, ಎಷ್ಟು ಹೊತ್ತಿಗೆ ಮನೆಗೆ ಎಂಬುದನ್ನು ತೀರ್ಮಾನಿಸುವ ಒಂದಿಷ್ಟು ಅಧಿಕಾರವನ್ನಾದರೂ ಅವರ ಕೈಗೆ ಕೊಡಬೇಕು. ಕೊಡದಿದ್ದರೆ ಜೊತೆಗಾರರೆಲ್ಲ ಸೇರಿ ಕೇಳಬೇಕು.

ಮೇಯರ್ ಅವರ ಇಲಿಗಳಲ್ಲಿ ಮತ್ತೊಂದು ಸಂಗತಿ ಕಂಡುಬಂದಿತು. ಒಮ್ಮೆ ಆಘಾತವನ್ನು ತಾವೇ ನಿಲ್ಲಿಸಿದ್ದ ಇಲಿಗಳು, ಮುಂದೆ ನಿಲ್ಲಿಸಲಾಗದ ಆಘಾತಕ್ಕೆ ಸಿಕ್ಕಿದ ಮೇಲೂ ಪ್ರಯತ್ನ ಬಿಡಲಿಲ್ಲ.