ಟನ್ನಿಗೆ ಎಷ್ಟು ಯೂನಿಟ್? ಆ ಲೆಕ್ಕವೇ ದಾರಿ ತಪ್ಪಿಸುತ್ತದೆ

ಒಂದು ಫೌಂಡ್ರಿ ವಾರಕ್ಕೆ 50 ಟನ್ ಎರಕ ಹೊಯ್ದು 55,000 ಯೂನಿಟ್ ವಿದ್ಯುತ್ ಬಳಸಿತು ಎನ್ನಿ. ಟನ್ನಿಗೆ 1,100 ಆಯಿತು. ಆರ್ಡರ್ ಹೆಚ್ಚಿ 100 ಟನ್ ಹೊಯ್ದಾಗ ಬಳಕೆ 90,000, ಟನ್ನಿಗೆ 900. ವಾರ್ಷಿಕ ವರದಿಯಲ್ಲಿ ಇದು ‘ಶೇ 18 ಇಂಧನ ಉಳಿತಾಯ’ ಎಂದು ಅಚ್ಚಾಗುತ್ತದೆ. ಅಸಲಿಗೆ ಯಾರೂ ಏನೂ ಉಳಿಸಿಲ್ಲ. ಉತ್ಪಾದನೆ ಎಷ್ಟೇ ಇರಲಿ, ತಪ್ಪದೆ ಖರ್ಚಾಗುವ 20,000 ಯೂನಿಟ್ ಹೆಚ್ಚು ಟನ್ನುಗಳ ಮೇಲೆ ಹಂಚಿಹೋಗಿದೆ, ಅಷ್ಟೇ.

ಬೆಳಗಾವಿಯ ಫೌಂಡ್ರಿ ಇರಲಿ, ಪೀಣ್ಯದ ಮೆಷಿನ್ ಶಾಪ್ ಇರಲಿ, ಈ ಸ್ಥಿರ ಖರ್ಚನ್ನು ಹಿಡಿಯಲು ದುಬಾರಿ ಸಾಫ್ಟ್‌ವೇರ್ ಬೇಡ. 25–30 ವಾರಗಳ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ತುಂಬಿ, ಅಡ್ಡಕ್ಕೆ ಟನ್, ಉದ್ದಕ್ಕೆ ಯೂನಿಟ್ ಇಟ್ಟು ಚುಕ್ಕಿಗಳ ನಡುವೆ ಸರಳರೇಖೆ ಎಳೆಯಿರಿ. ರೇಖೆಯ ಓರೆಯೇ ಪ್ರತಿ ಟನ್ನಿನ ನಿಜ ಖರ್ಚು, ಇಲ್ಲಿ 700. ಟನ್ ಸೊನ್ನೆಯಾದ ಕಡೆ ರೇಖೆ ಎಷ್ಟು ಎತ್ತರದಲ್ಲಿದೆಯೋ ಅದು ಸ್ಥಿರ ಖರ್ಚು.

ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ಯಂತ್ರವನ್ನು ದೂರುವ ಮೊದಲು ದಿನಾಂಕ ನೋಡಿ. ಮೀಟರ್ ರೀಡಿಂಗ್ ಸೋಮವಾರ ಬೆಳಿಗ್ಗೆ, ಉತ್ಪಾದನೆಯ ಲೆಕ್ಕ ಶನಿವಾರ ಸಂಜೆ ಎಂದಾದರೆ ಭಾನುವಾರದ ಶಿಫ್ಟ್ ಎರಡೂ ಕಡೆ ಒಂದೇ ವಾರಕ್ಕೆ ಸೇರುವುದಿಲ್ಲ. ಟನ್ ಎಂದರೆ ಕರಗಿಸಿದ ಲೋಹವೋ ರವಾನೆಯಾದ ಎರಕವೋ ಎಂಬುದೂ ಮೊದಲೇ ತೀರ್ಮಾನವಾಗಿರಬೇಕು. ರಿಜೆಕ್ಷನ್, ಅಂದರೆ ದೋಷವಿದ್ದು ತಿರಸ್ಕೃತವಾದ ಎರಕ, ಜಾಸ್ತಿಯಾದ ವಾರ ಇವೆರಡೂ ಒಂದಕ್ಕೊಂದು ತಾಳೆಯಾಗವು.

ಸ್ಥಿರ ಖರ್ಚಿನಲ್ಲಿ ಮೊದಲು ಹುಡುಕಬೇಕಾದದ್ದು ಯಂತ್ರಗಳಿಗೆಂದು ಕಂಪ್ರೆಸರ್ ಒತ್ತಿ ಕಳಿಸುವ ಗಾಳಿಯ ಸೋರಿಕೆ. ಯಂತ್ರಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ, ಎಷ್ಟು ಹೊತ್ತು ಲೋಡ್‌ನಲ್ಲಿರುತ್ತದೆ (ಗಾಳಿ ಒತ್ತುತ್ತದೆ), ಎಷ್ಟು ಹೊತ್ತು ಅನ್‌ಲೋಡ್ ಆಗಿರುತ್ತದೆ (ಗಾಳಿ ಒತ್ತುವುದಿಲ್ಲ) ಎಂದು ಗಡಿಯಾರ ಹಿಡಿದು ಬರೆದುಕೊಳ್ಳಿ. 1.5 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಎಂದರೆ 1.5 ÷ 7.5, ಸಾಮರ್ಥ್ಯದ ಶೇ 20 ಸೋರಿಕೆ. 37 ಕಿಲೋವಾಟ್ ಕಂಪ್ರೆಸರಿಗೆ ಅದು ಸುಮಾರು 7.4 ಕಿಲೋವಾಟ್. ವರ್ಷಕ್ಕೆ 8,000 ಗಂಟೆ ಓಡಿದರೆ 59,000 ಯೂನಿಟ್! ಯೂನಿಟ್ಟಿಗೆ ₹7 ಹಿಡಿದರೂ ₹4 ಲಕ್ಷ ದಾಟುತ್ತದೆ. ಯೂನಿಟ್ಟಿಗೆ ಸುಮಾರು 0.7 ಕೆ.ಜಿ.ಯಂತೆ 41 ಟನ್ ಇಂಗಾಲದ ಡೈಆಕ್ಸೈಡ್ ಬೇರೆ. ಕಾರಣಗಳು ಮಾತ್ರ ಸಣ್ಣವು: ಸಡಿಲವಾದ ಕಪ್ಲಿಂಗ್, ಬಿರಿದ ಹೋಸ್, ತೆರೆದೇ ಉಳಿದ ಡ್ರೈನ್ ವಾಲ್ವ್. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ನಿಂತ ಮೇಲೆ ಒತ್ತಡವನ್ನು 1 ಬಾರ್ ಇಳಿಸಲಾದರೆ ಕಂಪ್ರೆಸರಿನ ವಿದ್ಯುತ್ತಿನಲ್ಲಿ ಇನ್ನೂ ಶೇ 6–7 ಉಳಿತಾಯವಾಗುತ್ತದೆ.

ಗ್ರಾಫ್ ಕಚೇರಿಯ ಪರದೆಯಲ್ಲೇ ಉಳಿದು, ಒಂದು ಕಪ್ಲಿಂಗ್ ಕೊಳ್ಳಲು ಫೋರ್‌ಮನ್ ಮೂರು ಸಹಿಗೆ ಅಲೆಯಬೇಕಾದರೆ ಇದೆಲ್ಲ ವ್ಯರ್ಥ.

ಸೋರಿಕೆ ಮತ್ತೆ ಹುಟ್ಟುತ್ತದೆ. ಹಾಗಾಗಿ ಪ್ರತಿ ವಾರ ನಿಜ ಬಳಕೆಯಿಂದ ರೇಖೆ ಹೇಳುವ ಬಳಕೆಯನ್ನು ಕಳೆದು, ಬಂದದ್ದನ್ನು ಹಿಂದಿನ ಮೊತ್ತಕ್ಕೆ ಕೂಡಿಸುತ್ತ ಹೋಗಿ. ಮೊತ್ತ ಇಳಿಯುತ್ತಿದ್ದರೆ ಉಳಿತಾಯ. ಅದು ಮೇಲಕ್ಕೆ ತಿರುಗಿದ ವಾರದ ಮೆಂಟೆನೆನ್ಸ್ ರಿಜಿಸ್ಟರ್ ತೆಗೆದು ನೋಡಿ. ಹೊಸ ಕುಲುಮೆ ಬಂದರೆ ಮಾತ್ರ ಹಳೆಯ ರೇಖೆ ಕೆಲಸಕ್ಕೆ ಬಾರದು, ಹೊಸ ಅಂಕಿಗಳಿಂದ ಮತ್ತೆ ಎಳೆಯಬೇಕು.