ಆಯೋಜಕರ ಕಿಲೋಮೀಟರ್‌ಗೆ ನಿಮ್ಮ ಟ್ರಿಪ್‌ಮೀಟರ್ ಹೊಂದಿಸಿ

ಕಾರು ಓಡಿದ ದೂರವನ್ನು ಎಣಿಸುವ ಟ್ರಿಪ್‌ಮೀಟರನ್ನು ಹೊಸದಾಗಿ ಕೂರಿಸಿಕೊಂಡ ನ್ಯಾವಿಗೇಟರ್‌ಗಳು (ಚಾಲಕರ ಪಕ್ಕ ಕೂತು ಹಾದಿ ಹೇಳುವವರು), ಅದು ಒಂದು ಕಿಲೋಮೀಟರನ್ನು ಕರಾರುವಾಕ್ಕಾಗಿ ತೋರಿಸುವಂತೆ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಸಮಯ, ವೇಗ, ದೂರಗಳ ಲೆಕ್ಕದ ಮೇಲೆ ನಡೆಯುವ ಟಿಎಸ್‌ಡಿ ರ‍್ಯಾಲಿಯಲ್ಲಿ ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಾದಿಯ ತಿರುವು, ದೂರಗಳನ್ನು ಹೇಳುವ ರೋಡ್‌ಬುಕ್ ಬರೆದವರ ಕಾರು ಯಾವುದನ್ನು ಒಂದು ಕಿಲೋಮೀಟರ್ ಎಂದು ಎಣಿಸಿತೋ ನಿಮ್ಮ ಕಾರೂ ಅದನ್ನೇ ಎಣಿಸಬೇಕು. ಅವರ ಅಳತೆ ತುಸು ತಪ್ಪಿದ್ದರೂ ನೀವು ಅದಕ್ಕೇ ಹೊಂದಿಕೊಳ್ಳಬೇಕು, ಏಕೆಂದರೆ ಕಂಟ್ರೋಲ್‌ನಲ್ಲಿ, ಅಂದರೆ ಹಾದಿಯ ಸಮಯ ತಪಾಸಣೆಯ ಜಾಗದಲ್ಲಿ, ನಿಮ್ಮ ಸಮಯವನ್ನು ತೂಗುವುದು ಅವರ ದೂರವನ್ನು ಹಿಡಿದೇ. 20 ಕಿ.ಮೀ. ಹಾದಿಯಲ್ಲಿ ಶೇ 1ರ ವ್ಯತ್ಯಾಸವೆಂದರೆ 200 ಮೀಟರ್. ಗಂಟೆಗೆ 40 ಕಿ.ಮೀ. ಸರಾಸರಿಯಲ್ಲಿ ಅದು 18 ಸೆಕೆಂಡ್. ಗೆಲ್ಲುವವರಿಗೂ ಸೋಲುವವರಿಗೂ ನಡುವಿನ ಅಂತರ ಎಷ್ಟೋ ಸಲ ಇದಕ್ಕಿಂತ ಕಡಿಮೆ.

ಮೀಟರ್‌ಗೆ ದೂರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಪಲ್ಸ್ (ವಿದ್ಯುತ್ ಮಿಡಿತ) ಮಾತ್ರ. ಚಕ್ರದ ಬೋಲ್ಟ್ ತಲೆಗಳು ಸೆನ್ಸರ್ ಎದುರು ಹಾದುಹೋದಾಗಲೆಲ್ಲ ಒಂದು ಪಲ್ಸ್ ಹುಟ್ಟುತ್ತದೆ. 185/65 ಆರ್14 ಟೈರಿನ ಸುತ್ತಳತೆ ಲೆಕ್ಕದ ಪ್ರಕಾರ ಸುಮಾರು 1.87 ಮೀಟರ್, ಕಾರಿನ ಭಾರಕ್ಕೆ ಉರುಳುವಾಗ ಇನ್ನೂ ಸ್ವಲ್ಪ ಕಡಿಮೆ. ನಾಲ್ಕು ಬೋಲ್ಟ್‌ಗಳಿದ್ದರೆ ಹೆಚ್ಚುಕಡಿಮೆ 46 ಸೆಂ.ಮೀ.ಗೆ ಒಂದು ಪಲ್ಸ್, ಕಿಲೋಮೀಟರ್‌ಗೆ 2,200ರ ಆಸುಪಾಸು. ಈ ಸಂಖ್ಯೆಯನ್ನು ಮೀಟರ್‌ಗೆ ಸರಿಯಾಗಿ ಹೇಳಿಕೊಡುವುದೇ ಕ್ಯಾಲಿಬ್ರೇಷನ್. ಹಿಂದೆ ಸ್ವೀಡನ್ನಿನ ಹಾಲ್ಡಾ ಮೀಟರ್‌ಗಳಲ್ಲಿ ಹಲ್ಲುಚಕ್ರಗಳನ್ನೇ ಬದಲಿಸಬೇಕಿತ್ತು; ಈಗಿನ ಟೆರಾಟ್ರಿಪ್, ಬ್ರ್ಯಾಂಟ್ಜ್ ಮೀಟರ್‌ಗಳಲ್ಲಿ ಅಂಕಿ ಬದಲಿಸಿದರೆ ಸಾಕು.

ಸೆನ್ಸರನ್ನು ಎಂಜಿನ್ ತಿರುಗಿಸದ ಚಕ್ರಕ್ಕೇ ಹಾಕಿ. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಹಿಂದಿನ ಚಕ್ರಕ್ಕೆ. ಜಲ್ಲಿ ಹಾದಿಯಲ್ಲಿ, ಕೆಸರಿನಲ್ಲಿ ಎಂಜಿನ್ ತಿರುಗಿಸುವ ಚಕ್ರ ನಿಂತಲ್ಲೇ ಸುತ್ತುತ್ತದೆ, ಮೀಟರ್ ಓಡದ ದೂರವನ್ನೂ ಕೂಡಿಸುತ್ತದೆ. ಹಿಂದಿನ ಚಕ್ರಕ್ಕೂ ಒಂದು ತೊಡಕಿದೆ: ಹ್ಯಾಂಡ್‌ಬ್ರೇಕ್ ಎಳೆದು ತಿರುಗಿಸಿದಾಗ ಅದು ಜಾರುತ್ತದೆ, ಎಣಿಕೆ ತಪ್ಪುತ್ತದೆ. ಟಿಎಸ್‌ಡಿಯಲ್ಲಿ ಹಾಗೆ ತಿರುಗಿಸುವ ಪ್ರಸಂಗ ಬರುವುದು ಅಪರೂಪ.

ಕೆಲಸ ಶುರು ಮಾಡುವ ಮುನ್ನ ಟೈರ್ ಬಿಸಿಯಾಗಲಿ. ಗಾಳಿಯ ಒತ್ತಡ, ಇಂಧನ, ಸಾಮಾನು, ಪಕ್ಕದಲ್ಲಿ ಕೂರುವ ವ್ಯಕ್ತಿ, ಎಲ್ಲವೂ ಸ್ಪರ್ಧೆಯ ದಿನ ಇರುವಂತೆಯೇ ಇರಲಿ. ಒತ್ತಡದ ಏರಿಳಿತಕ್ಕಿಂತ ಟೈರಿನ ಸವೆತದ ಪರಿಣಾಮ ದೊಡ್ಡದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ರೇಡಿಯಲ್ ಟೈರಿನೊಳಗಿನ ಉಕ್ಕಿನ ಪಟ್ಟಿ ಅಷ್ಟಾಗಿ ಹಿಗ್ಗುವುದಿಲ್ಲ. ಆದರೆ 8 ಮಿ.ಮೀ. ಇದ್ದ ಟ್ರೆಡ್ 2 ಮಿ.ಮೀ.ಗೆ ಇಳಿದರೆ ವ್ಯಾಸ 12 ಮಿ.ಮೀ. ಕುಗ್ಗುತ್ತದೆ, ಅಂದರೆ ಶೇ 2ರಷ್ಟು. ಆದ್ದರಿಂದ ಟೈರ್ ಬದಲಿಸಿದ ಮೇಲೆ ಹಳೆಯ ಅಂಕಿಯನ್ನು ನಂಬಬೇಡಿ. ಸ್ಟೆಪ್ನಿಗೂ ಒಂದು ಅಂಕಿ ತೆಗೆದು ಬರೆದಿಡಿ.

ಆಯೋಜಕರು ಕ್ಯಾಲಿಬ್ರೇಷನ್‌ಗೆಂದು ಅಳೆದು ಕೊಟ್ಟ ಹಾದಿ ಇದ್ದರೆ ಅದನ್ನೇ ಬಳಸಿ. ರೋಡ್‌ಬುಕ್‌ನಲ್ಲಿ 9.86 ಕಿ.ಮೀ. ಎಂದಿದೆ, ನಿಮ್ಮ ಮೀಟರ್ 10.02 ತೋರಿಸಿತು, ಒಳಗಿರುವ ಅಂಕಿ 2180 ಎಂದಿಟ್ಟುಕೊಳ್ಳಿ. 2180ನ್ನು 10.02ರಿಂದ ಗುಣಿಸಿ 9.86ರಿಂದ ಭಾಗಿಸಿದರೆ 2215 ಬರುತ್ತದೆ. ನಿಮ್ಮ ಮೀಟರ್‌ನ ಅಂಕಿ ಕಿಲೋಮೀಟರ್‌ಗೆ ಎಷ್ಟು ಪಲ್ಸ್ ಎಂಬುದಾದರೆ ಮಾತ್ರ ಈ ಲೆಕ್ಕ. ಒಂದು ಪಲ್ಸ್‌ಗೆ ಎಷ್ಟು ದೂರ ಎಂದು ಕೇಳುವ ಮೀಟರ್‌ನಲ್ಲಿ ಇದನ್ನು ತಲೆಕೆಳಗು ಮಾಡಬೇಕು. ಇಲ್ಲವಾದರೆ ತಪ್ಪು ಇಮ್ಮಡಿಯಾಗುತ್ತದೆ. ಅಂಕಿ ತುಂಬಿದ ಮೇಲೆ ಅದೇ ಹಾದಿಯಲ್ಲಿ ಇನ್ನೊಮ್ಮೆ ಓಡಿಸಿ ನೋಡಿ.

ಗುರುತಿನ ಬಳಿ ನಿಲ್ಲಿಸುವಾಗ ಆತುರ ಬೇಡ. ಹೊರಡುವಾಗ ಮುಂದಿನ ಚಕ್ರ ಗುರುತಿನ ನೇರಕ್ಕಿದ್ದರೆ ಮುಗಿಸುವಾಗಲೂ ಅದೇ ಚಕ್ರ ಅಲ್ಲಿಗೇ ಬರಬೇಕು. ಗುರುತು ದಾಟಿ ಹೋಗಿ ಹಿಂದಕ್ಕೆ ಬಂದರೆ, ಒಂದೇ ಸೆನ್ಸರ್ ಇರುವ ಮೀಟರ್ ಆ ಹಿನ್ನಡೆಯನ್ನೂ ಮುನ್ನಡೆ ಎಂದೇ ಕೂಡಿಸುತ್ತದೆ. ತಿರುವುಗಳಲ್ಲಿ ಒಳಗಂಚು ಹಿಡಿದು ಓಡಿಸಬೇಡಿ. ನಿಮ್ಮ ಪಥದಲ್ಲೇ ಇರಿ.

ಆಯೋಜಕರ ಹಾದಿ ಸಿಗದಿದ್ದರೆ ಮೈಲಿಗಲ್ಲುಗಳ ನೆರವು ಪಡೆಯಬಹುದು, ಆದರೆ ಎರಡು ಕಲ್ಲುಗಳ ನಡುವಿನ ಒಂದು ಕಿಲೋಮೀಟರನ್ನು ನೆಚ್ಚಿಕೊಳ್ಳಬೇಡಿ. ರಸ್ತೆ ನೇರ ಮಾಡಿದಾಗ, ಅಗಲಿಸಿದಾಗ ಕಲ್ಲುಗಳ ಅಂತರ ಏರುಪೇರಾಗಿರುತ್ತದೆ. ಹತ್ತಾರು ಕಲ್ಲುಗಳ ಉದ್ದಕ್ಕೆ ಅಳೆಯಿರಿ. ಜಿಪಿಎಸ್ ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ ಒಳ್ಳೆಯ ಸಾಕ್ಷಿ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳ ಕೆಳಗೆ ಸಂಕೇತ ಸೊರಗುತ್ತದೆ. ಮುಳ್ಳಯ್ಯನಗಿರಿ ಹಾದಿಯ ಕಡಿದಾದ ತಿರುವುಗಳಲ್ಲಿ ಅದು ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆದು ದೂರವನ್ನು ಕಡಿಮೆ ಎಣಿಸುವ ಸಂಭವವಿದೆ. ಮಲೆನಾಡಿನಲ್ಲಿ ನಾನು ಚಕ್ರವನ್ನೇ ನಂಬುತ್ತೇನೆ.

ರ‍್ಯಾಲಿ ಶುರುವಾದ ಮೇಲೆ ಪ್ರತಿ ಗುರುತಿನಲ್ಲೂ ಅಂಕಿ ತಿದ್ದುವ ಚಟ ಬೇಡ. ರೋಡ್‌ಬುಕ್‌ಗಿಂತ 20 ಮೀಟರ್ ಹೆಚ್ಚು ಕಂಡರೆ ಟ್ರಿಪ್ ದೂರವನ್ನು ಸರಿಪಡಿಸಿ ಮುಂದೆ ಸಾಗಿ, ಆ 20ನ್ನು ಅಂಚಿನಲ್ಲಿ ಬರೆದಿಡಿ. 5 ಕಿ.ಮೀ.ಗೆ 20, ಮುಂದಿನ 5ಕ್ಕೆ ಮತ್ತೆ 20 ಎಂದು ದೂರದೊಡನೆ ಬೆಳೆಯುತ್ತಿದ್ದರೆ ಮಾತ್ರ ಅಂಕಿ ತಪ್ಪಿದೆ. ಒಮ್ಮೆ ಬಂದ ವ್ಯತ್ಯಾಸ ಮತ್ತೆ ಬೆಳೆಯದಿದ್ದರೆ ಎಲ್ಲೋ ಹಾದಿ ತಪ್ಪಿ ತಿರುಗಿ ಬಂದಿದ್ದೀರಿ, ಇಲ್ಲವೇ ಶೂನ್ಯ ಒತ್ತಿದ ಜಾಗ ಬೇರೆಯಾಗಿದೆ. ಮೀಟರ್ ಲೆಕ್ಕವಿಲ್ಲದೆ ಹಿಂದೆ ಬೀಳುತ್ತಿದ್ದರೆ ಸೆನ್ಸರಿಗೂ ಬೋಲ್ಟಿಗೂ ನಡುವಿನ ಕೆಲವೇ ಮಿಲಿಮೀಟರ್ ಅಂತರ ಹೆಚ್ಚಿರುತ್ತದೆ. ಸರ್ವಿಸ್‌ಗೆ ನಿಂತಾಗ ಜಾಕ್ ಏರಿಸಿ ಚಕ್ರವನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಸೆನ್ಸರಿನ ಪುಟ್ಟ ದೀಪ 40 ಸಲ ಹೊತ್ತಬೇಕು. ಹೊತ್ತದಿದ್ದರೆ ಸ್ಪ್ಯಾನರ್ ಹಿಡಿದು ಬ್ರ್ಯಾಕೆಟ್ ಬಿಗಿಮಾಡಿ, ಅಂಕಿಯನ್ನು ಮುಟ್ಟಬೇಡಿ.